ಜಾಗ ಬದಲಾದರೆ ಡಿಶ್ ಹೊಸದು: ಪೋರ್ಟಬಲ್ ವಿಸ್ಯಾಟ್ ಕೂರಿಸುವ ನನ್ನ ಅನುಭವ

ಪೋರ್ಟಬಲ್ ಸ್ಯಾಟಲೈಟ್ ಇಂಟರ್ನೆಟ್ ಬೇಕು ಅಂತ ಫೋನ್ ಮಾಡುವವರು ಬಹುತೇಕ ಒಂದೇ ಪ್ರಶ್ನೆ ಕೇಳುತ್ತಾರೆ. "ಎತ್ಕೊಂಡು ಹೋಗಿ ಎಲ್ಲಿ ಬೇಕಾದ್ರೂ ಇಟ್ಕೋಬಹುದು ಅಲ್ವಾ ಸರ್?" ಎತ್ತಿಕೊಂಡು ಹೋಗಬಹುದು, ನಿಜ. ಡಿಶ್, ಟ್ರೈಪಾಡ್, ಮೋಡೆಮ್, ಕೇಬಲ್ ಎಲ್ಲ ಒಂದು ಸಣ್ಣ ವ್ಯಾನ್‌ನಲ್ಲಿ ಹಿಡಿಯುತ್ತದೆ. ಆದರೆ ಎಲ್ಲಿ ಬೇಕಾದರೂ ಇಟ್ಟು ಆನ್ ಮಾಡುವ ಹಾಗಿಲ್ಲ. ಪ್ರತಿ ಜಾಗಕ್ಕೂ ಅದು ಹೊಸ ಡಿಶ್. ಅನುಮತಿಯೂ ಹೊಸದು, ಅಲೈನ್‌ಮೆಂಟೂ ಹೊಸದು, ಹಬ್‌ನವರ, ಅಂದರೆ ಡಿಶ್‌ಗಳನ್ನೆಲ್ಲ ಉಪಗ್ರಹದ ಮೂಲಕ ನಿಯಂತ್ರಿಸುವ ಸೇವಾ ಕಂಪನಿಯ ಕೇಂದ್ರದವರ, ಪರೀಕ್ಷೆಯೂ ಹೊಸದು. ಇದನ್ನು ಮೊದಲೇ ಹೇಳಿದರೆ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಹೇಳದೆ ಬಿಟ್ಟರೆ ಆಮೇಲೆ ಆಗುವ ತೊಂದರೆ ಅದಕ್ಕಿಂತ ಎಷ್ಟೋ ಜಾಸ್ತಿ.

ನಾನು ಬೆಂಗಳೂರಿನಲ್ಲಿ ವಿಸ್ಯಾಟ್, ಅಂದರೆ ಉಪಗ್ರಹದ ಮೂಲಕ ಇಂಟರ್ನೆಟ್ ಕೊಡುವ ಸಣ್ಣ ಡಿಶ್, ಕೂರಿಸುವ ಕೆಲಸ ಮಾಡಿಕೊಂಡು ಬಂದವನು. ಮೊದಲು ಬ್ಯಾಂಕ್ ಶಾಖೆ, ಎಟಿಎಂ, ಪೆಟ್ರೋಲ್ ಬಂಕ್‌ಗಳ ತಾರಸಿ ಮೇಲೆ ಕಾಯಂ ಡಿಶ್‌ಗಳು. ಈಗ ತಾತ್ಕಾಲಿಕ ಕೆಲಸವೇ ಜಾಸ್ತಿ. ಫೈಬರ್ ಬಾರದ ಲೇಔಟ್‌ನ ಸೈಟ್ ಆಫೀಸು, ಕ್ವಾರಿ, ಊರ ಹೊರಗಿನ ಸಮಾವೇಶ, ರಸ್ತೆ ಅಗೆಯುವವರು ಕೇಬಲ್ ಕಡಿದಾಗ ಬ್ಯಾಕಪ್ ಬೇಕೆನ್ನುವ ಕಾರ್ಖಾನೆ. ಸಿಟಿ ಮಧ್ಯೆ ಈ ಡಿಶ್ ಬೇಕಾಗುವುದು ಅಪರೂಪ. ಮಾಗಡಿ ರಸ್ತೆ, ಹೊಸಕೋಟೆ, ದೊಡ್ಡಬಳ್ಳಾಪುರ, ಆನೇಕಲ್ ಕಡೆ ಮುಖ್ಯರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ಸಾಕು, ಮೊಬೈಲ್ ಸಿಗ್ನಲ್ ಒದ್ದಾಡುವ ಜಾಗಗಳು ಬೇಕಾದಷ್ಟು ಸಿಗುತ್ತವೆ.

ಮನೆ ಮೇಲಿನ ಡಿಟಿಎಚ್ ಡಿಶ್ ಬರೀ ಕೇಳಿಸಿಕೊಳ್ಳುತ್ತದೆ. ತಪ್ಪು ದಿಕ್ಕಿಗೆ ತಿರುಗಿಸಿದರೆ ನಿಮ್ಮ ಟಿವಿ ನಿಲ್ಲುತ್ತದೆ, ಅಷ್ಟೇ. ನಮ್ಮ ಡಿಶ್ ಕೇಳಿಸಿಕೊಳ್ಳುವುದರ ಜೊತೆಗೆ ಮಾತೂ ಆಡುತ್ತದೆ. ಅದರ ಬಾಯಲ್ಲಿ ಬಕ್ ಅಂತ ಕರೆಯುವ ಒಂದು ಟ್ರಾನ್ಸ್‌ಮಿಟರ್ ಇರುತ್ತದೆ. ಸಾಮಾನ್ಯವಾಗಿ ಒಂದೆರಡು ವ್ಯಾಟ್‌ನದ್ದು, ಮನೆಯ ಎಲ್‌ಇಡಿ ಬಲ್ಬ್‌ಗಿಂತ ಕಡಿಮೆ. ಇಷ್ಟರಿಂದ ಏನಾಗುತ್ತೆ ಅಂತ ಅನ್ನಿಸಬಹುದು. ಆದರೆ 1.2 ಮೀಟರ್ ಅಗಲದ ತಟ್ಟೆ ಆ ಶಕ್ತಿಯನ್ನು ಒಂದೇ ದಿಕ್ಕಿಗೆ ಕೂಡಿಸಿ ಸುಮಾರು 20 ಸಾವಿರ ಪಟ್ಟು ಮಾಡಿ ಕಳಿಸುತ್ತದೆ. ಹಾಗಾಗಿಯೇ 36 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಅದು ಕೇಳಿಸುವುದು.

ಸಮಭಾಜಕದ ಮೇಲಿನ ಆ ಒಂದೇ ಸಾಲಿನಲ್ಲಿ ಉಪಗ್ರಹಗಳು ಎರಡು ಮೂರು ಡಿಗ್ರಿ ಅಂತರದಲ್ಲಿ ನಿಂತಿರುತ್ತವೆ. ನಾವು ಬಳಸುವ ಫ್ರೀಕ್ವೆನ್ಸಿ ಪಟ್ಟಿಗೆ ಕೆಯು ಬ್ಯಾಂಡ್ ಅಂತ ಹೆಸರು, ಅದರಲ್ಲಿ ಕಳಿಸುವುದು 14 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಅಲ್ಲಿ 1.2 ಮೀಟರ್ ಡಿಶ್‌ನ ಕಿರಣದ ಅಗಲ ಒಂದೂಕಾಲು ಡಿಗ್ರಿ. ಪೋರ್ಟಬಲ್ ಅಂತ ಚಿಕ್ಕ ಡಿಶ್ ತಗೊಂಡರೆ, 75 ಸೆಂಟಿಮೀಟರ್‌ನದ್ದು ಅಂದುಕೊಳ್ಳಿ, ಕಿರಣ ಎರಡು ಡಿಗ್ರಿ ಅಗಲ ಆಗುತ್ತದೆ. ಡಿಶ್ ಚಿಕ್ಕದಾದಷ್ಟೂ ಕಿರಣ ಅಗಲ, ಪಕ್ಕದ ಉಪಗ್ರಹಕ್ಕೆ ಚೆಲ್ಲುವುದೂ ಜಾಸ್ತಿ. ಆ ಪಕ್ಕದ ಉಪಗ್ರಹದಲ್ಲಿ ಯಾವುದೋ ಬ್ಯಾಂಕಿನ ಎಟಿಎಂ, ಯಾವುದೋ ಹಡಗು, ಯಾವುದೋ ಟಿವಿ ಚಾನೆಲ್ ಕೆಲಸ ಮಾಡುತ್ತಿರುತ್ತದೆ. ನಮ್ಮ ಟ್ರೈಪಾಡ್ ಒಂದು ಕಡೆ ಕುಸಿದರೆ ಅವರ ಲಿಂಕ್ ಹಾಳಾಗುತ್ತದೆ, ಯಾರಿಂದ ಅಂತ ಅವರಿಗೆ ಗೊತ್ತೂ ಆಗುವುದಿಲ್ಲ. ನಿಯಮಗಳ ಬುಡ ಇರುವುದು ಇಲ್ಲಿ. ಇದು ತಲೆಗೆ ಹೋದ ಮೇಲೆ ಉಳಿದ ಕಾಗದ ಪತ್ರ ಯಾವುದೂ ನನಗೆ ಸುಮ್ನೆ ಕಾಟ ಅನ್ನಿಸಿಲ್ಲ.

ಕಾಗದದ ಕೆಲಸ ಹೀಗಿರುತ್ತದೆ. ಗ್ರಾಹಕರು ತಮ್ಮ ಹೆಸರಲ್ಲಿ ಬೇರೆ ಲೈಸೆನ್ಸ್ ತೆಗೆಯಬೇಕಿಲ್ಲ. ವಿಸ್ಯಾಟ್ ಸೇವೆ ಕೊಡುವ ಲೈಸೆನ್ಸ್ ಇರುವ ಕಂಪನಿಗಳಿವೆ: ಹ್ಯೂಸ್, ನೆಲ್ಕೊ, ಬಿಎಸ್‌ಎನ್‌ಎಲ್ ಇಂಥವು. ಗ್ರಾಹಕರ ಡಿಶ್ ಆ ಲೈಸೆನ್ಸ್ ಕೆಳಗೆ ಬರುತ್ತದೆ. ಫ್ರೀಕ್ವೆನ್ಸಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ. ಡಿಶ್ ನಿಲ್ಲಿಸುವ ಜಾಗಕ್ಕೆ ಸಾಕ್ಫಾ ಅನ್ನುವ ಸರ್ಕಾರಿ ಸಮಿತಿಯ ಒಪ್ಪಿಗೆ, ಅದರ ಅರ್ಜಿ ಸರಳ ಸಂಚಾರ್ ಪೋರ್ಟಲ್‌ನಲ್ಲಿ. ಉಪಗ್ರಹದ ಕಡೆ ಹೋಗುವ ಸಿಗ್ನಲ್ ಶಿಸ್ತಾಗಿದೆಯಾ ಅಂತ ನೋಡಲು ಎನ್‌ಓಸಿಸಿ ಅನ್ನುವ ಇಲಾಖೆಯ ನಿಗಾ ಕೇಂದ್ರ. ಈ ಅರ್ಜಿಗಳನ್ನು ಹಾಕುವುದು ಸೇವಾ ಕಂಪನಿ. ಅವರಿಗೆ ಸರಿಯಾದ ಮಾಹಿತಿ ಕೊಡುವುದು ನನ್ನ ಕೆಲಸ. ಅಲ್ಲಿ ಒಂದು ಅಂಕಿ ತಪ್ಪಾದರೂ ಎಲ್ಲ ನಿಂತುಹೋಗುತ್ತದೆ.

ಇದರ ಹಿಂದಿನ ಕಾನೂನು ಬಹಳ ಹಳೆಯದು. 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ. 1933ರದ್ದು ವೈರ್‌ಲೆಸ್ ಉಪಕರಣವನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದನ್ನೇ ಅಪರಾಧ ಅನ್ನುತ್ತದೆ, ಬಳಸುವ ಮಾತು ಆಮೇಲೆ. ಇವೆರಡರ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. 2024ರ ಜೂನ್ 26ರಿಂದ ಹಂತ ಹಂತವಾಗಿ ಅದನ್ನು ಜಾರಿಗೆ ತಂದರು. ಹೆಸರು ಬದಲಾದರೂ ಮೂಲ ಮಾತು ಅದೇ: ರೇಡಿಯೋದಲ್ಲಿ ಕಳಿಸುವ ಯಂತ್ರಕ್ಕೆ ಸರ್ಕಾರದ ಒಪ್ಪಿಗೆ ಬೇಕು.

ಸೈಟ್ ನೋಡಲು ಹೋದಾಗ ನಾನು ಜಿಪಿಎಸ್ ರೀಡಿಂಗ್ ತೆಗೆಯುವುದು ಗೇಟ್ ಹತ್ತಿರ ಅಲ್ಲ, ಟ್ರೈಪಾಡ್ ನಿಲ್ಲುವ ಜಾಗದಲ್ಲೇ ನಿಂತು. ಅಕ್ಷಾಂಶ, ರೇಖಾಂಶ, ಸಮುದ್ರ ಮಟ್ಟದಿಂದ ನೆಲದ ಎತ್ತರ, ಕಟ್ಟಡ ಇದ್ದರೆ ಅದರ ಎತ್ತರ, ಅದರ ಮೇಲೆ ಡಿಶ್ ಎಷ್ಟು ಎತ್ತರ ಏಳುತ್ತದೆ. ಜಾಗದ ಮಾಲೀಕರ ಒಪ್ಪಿಗೆ ಪತ್ರ. ಎಷ್ಟು ದಿನಕ್ಕೆ ಬೇಕು ಅನ್ನುವುದು. ಬೆಂಗಳೂರಿನಲ್ಲಿ ಇನ್ನೊಂದನ್ನೂ ಗಮನಿಸಬೇಕು. ನಮ್ಮ ಸುತ್ತ ವಿಮಾನ ಹಾರುವ ಜಾಗ ಒಂದೆರಡಲ್ಲ. ದೇವನಹಳ್ಳಿ ಇದೆ, ಹಳೆ ಎಚ್‌ಎಎಲ್ ಇದೆ, ಯಲಹಂಕದ ವಾಯುಪಡೆ ನೆಲೆ ಇದೆ, ಜಕ್ಕೂರಿನಲ್ಲಿ ಪೈಲಟ್ ತರಬೇತಿ ಶಾಲೆ ಇದೆ. ಎತ್ತರದ ಕಟ್ಟಡದ ತುದಿಗೆ ಡಿಶ್ ಹಾಕಬೇಕು ಅಂದಾಗ ಇವುಗಳಿಂದ ದೂರ ಎಷ್ಟು ಅಂತ ನಕ್ಷೆಯಲ್ಲಿ ಮೊದಲೇ ಅಳೆದುಕೊಳ್ಳುತ್ತೇನೆ. ಸಾಧ್ಯವಾದ ಕಡೆಯಲ್ಲೆಲ್ಲ ನೆಲದ ಮೇಲೇ ನಿಲ್ಲಿಸುತ್ತೇನೆ. ಪೋರ್ಟಬಲ್ ಡಿಶ್‌ಗೆ ಎತ್ತರದಿಂದ ಯಾವ ಲಾಭವೂ ಇಲ್ಲ. ಅದಕ್ಕೆ ಬೇಕಾದ್ದು ಆಕಾಶ, ಎತ್ತರ ಅಲ್ಲ.

ತಿಂಗಳಿಗೊಂದು ಕಡೆ ಸರಿಯುವ ಕೆಲಸ ಆದರೆ, ಉದಾಹರಣೆಗೆ ರಸ್ತೆ ಕಾಮಗಾರಿ ಕ್ಯಾಂಪ್, ಮುಂದಿನ ಜಾಗಗಳ ಪಟ್ಟಿಯನ್ನು ಮೊದಲೇ ಕೊಡಿ ಅಂತ ಕೇಳುತ್ತೇನೆ. ಎಲ್ಲ ಜಾಗಕ್ಕೂ ಒಟ್ಟಿಗೆ ಅರ್ಜಿ ಹಾಕಿದರೆ ಸಮಯ ಉಳಿಯುತ್ತದೆ. ಇದಕ್ಕೆ ಗ್ರಾಹಕರು ಒಪ್ಪಿದಾಗಲೆಲ್ಲ ಕೆಲಸ ನೀಟಾಗಿ ನಡೆದಿದೆ.

ಒಪ್ಪದವರೂ ಇದ್ದಾರೆ. ಒಂದು ನಿರ್ಮಾಣ ಕಂಪನಿಯವರಿಗೆ ಡಾಬಸ್‌ಪೇಟೆ ಹತ್ತಿರದ ಯಾರ್ಡ್‌ನಲ್ಲಿ ಡಿಶ್ ಕೂರಿಸಿ ಕೊಟ್ಟಿದ್ದೆ. ಯಾರ್ಡ್ ದೊಡ್ಡಬಳ್ಳಾಪುರದ ಆಚೆಗೆ ಹೋದಾಗ ನನಗೆ ಹೇಳಲೇ ಇಲ್ಲ. ಟ್ರೈಪಾಡ್ ಸಮೇತ ಟೆಂಪೋಗೆ ಹಾಕಿಕೊಂಡು ಹೋದರು. ಅಲ್ಲಿ ಡಿಟಿಎಚ್ ಹಾಕುವ ಒಬ್ಬ ಹುಡುಗನನ್ನು ಕರೆಸಿ ತಿರುಗಿಸಿ ನೋಡಿದರು. ಮೋಡೆಮ್‌ನಲ್ಲಿ ರಿಸೀವ್ ದೀಪ ಹತ್ತಿತು. ಸ್ವಲ್ಪ ಹೊತ್ತು ಇಂಟರ್ನೆಟ್ ಕೂಡ ಬಂತು. ಆಮೇಲೆ ಹಬ್‌ನವರು ಆ ಟರ್ಮಿನಲ್ಲನ್ನೇ ಬ್ಲಾಕ್ ಮಾಡಿದರು. ಕೂಲಿಗಾರರಿಗೆ ದುಡ್ಡು ಹಾಕುವ ವಾರ ಅದು, ಸೈಟ್ ಆಫೀಸಿನಲ್ಲಿ ಎಲ್ಲ ನಿಂತಿತು. ಮ್ಯಾನೇಜರ್ ನನಗೆ ಫೋನ್ ಮಾಡಿ "ಸಿಗ್ನಲ್ ಬಂದಿದೆ, ನೀವೇ ಬೇಕಂತ ಕಟ್ ಮಾಡಿಸಿದ್ದೀರಿ" ಅಂತ ಕೂಗಾಡಿದರು.

ಆಗಿದ್ದು ಏನು ಅಂದರೆ, ರಿಸೀವ್ ದೀಪ ಹತ್ತುವುದಕ್ಕೆ ಡಿಶ್ ಅಂದಾಜಾಗಿ ಸರಿ ಇದ್ದರೆ ಸಾಕು. ಕಳಿಸುವುದಕ್ಕೆ ಅಂದಾಜು ನಡೆಯುವುದಿಲ್ಲ. ದಿಕ್ಕು ಸ್ವಲ್ಪ ತಪ್ಪಿದಾಗ ಉಪಗ್ರಹಕ್ಕೆ ನಮ್ಮ ದನಿ ಕ್ಷೀಣವಾಗಿ ಕೇಳುತ್ತದೆ. ಅದನ್ನು ಸರಿದೂಗಿಸಲು ಮೋಡೆಮ್ ತಾನಾಗಿಯೇ ಪವರ್ ಏರಿಸುತ್ತದೆ. ಏರಿಸಿದ ಪವರ್ ತಪ್ಪು ದಿಕ್ಕಿಗೂ ಹೋಗುತ್ತದೆ. ಜೊತೆಗೆ ಮೋಡೆಮ್‌ನೊಳಗೆ ಇನ್ನೂ ಡಾಬಸ್‌ಪೇಟೆಯ ಜಿಪಿಎಸ್ ಅಂಕಿಯೇ ಇತ್ತು. ಒಂದೇ ಚಾನೆಲ್ ಅನ್ನು ನೂರಾರು ಡಿಶ್‌ಗಳು ಸರದಿ ಪ್ರಕಾರ ಬಳಸುತ್ತವೆ. ಉಪಗ್ರಹಕ್ಕೆ ಎಷ್ಟು ದೂರ ಅನ್ನುವ ಲೆಕ್ಕದ ಮೇಲೆ ಮೋಡೆಮ್ ತನ್ನ ಸರದಿಗೆ ಸರಿಯಾಗಿ ಸಿಗ್ನಲ್ ಬಿಡುತ್ತದೆ. ಹಾಗಾಗಿ ಜಾಗ ಬದಲಿಸಿದರೆ ಮೋಡೆಮ್‌ಗೂ ಹೇಳಬೇಕು.

ಹೊಸ ಉಪಗ್ರಹಗಳಲ್ಲಿ ಇನ್ನೂ ಒಂದು ಕಟ್ಟುಪಾಡು ಇದೆ. 2018ರ ಡಿಸೆಂಬರ್‌ನಲ್ಲಿ ಹಾರಿಸಿದ ಜಿಸ್ಯಾಟ್-11ರಲ್ಲಿ ಬಳಕೆದಾರರಿಗೆ 32 ಬೀಮ್‌ಗಳು. ದೇಶವನ್ನು ಭಾಗ ಮಾಡಿ ಒಂದೊಂದು ಭಾಗಕ್ಕೆ ಒಂದೊಂದು ಬೀಮ್. ಒಂದು ಬೀಮ್‌ಗೆ ಅಂತ ಸೆಟ್ ಮಾಡಿದ ಮೋಡೆಮ್ ಅನ್ನು ಇನ್ನೊಂದರ ಕೆಳಗೆ ತಗೊಂಡು ಹೋದರೆ ಹಬ್‌ನಲ್ಲಿ ಬದಲಾಯಿಸುವ ತನಕ ಅದು ಏಳುವುದಿಲ್ಲ. ಬೆಂಗಳೂರಿನಿಂದ ಡಿಶ್ ಒಯ್ದು ದೂರದ ರಾಜ್ಯದಲ್ಲಿ ಆನ್ ಮಾಡಿ, ಡಬ್ಬ ಕೆಟ್ಟಿದೆ ಅಂದುಕೊಂಡು ವಾಪಸ್ ತಂದವರಿದ್ದಾರೆ.

ಈಗ ಜಾಗ ಆರಿಸುವ ವಿಷಯ. ನನಗೆ ಈ ಕೆಲಸದಲ್ಲಿ ಬಹಳ ಇಷ್ಟವಾದ ಭಾಗ ಇದು. ಬೆಂಗಳೂರು ಸಮಭಾಜಕಕ್ಕೆ ಹತ್ತಿರ, 13 ಡಿಗ್ರಿ ಉತ್ತರದಲ್ಲಿದೆ. 74 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಮ್ಮ ಇಸ್ರೋ ಉಪಗ್ರಹಗಳು ಹಲವು ಇವೆ. ಇಲ್ಲಿಂದ ನೋಡಿದರೆ ಆ ಜಾಗ ದಕ್ಷಿಣದಿಂದ 16 ಡಿಗ್ರಿ ಪಶ್ಚಿಮಕ್ಕೆ, ನೆಲದಿಂದ 74 ಡಿಗ್ರಿ ಮೇಲಕ್ಕೆ. ಅಂದರೆ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಅದೇ ಉಪಗ್ರಹ ದೆಹಲಿಯಲ್ಲಿ 56 ಡಿಗ್ರಿಯಲ್ಲಿ ಕಾಣುತ್ತದೆ. ಉತ್ತರ ಭಾರತದಲ್ಲಿ ಕೆಲಸ ಕಲಿತು ಬಂದವರು ಇಲ್ಲಿ ದಕ್ಷಿಣದ ಕಟ್ಟಡ ನೋಡಿ ಹೆದರುತ್ತಾರೆ. ಹೆದರಬೇಕಿಲ್ಲ. ದಕ್ಷಿಣಕ್ಕೆ 10 ಮೀಟರ್ ಎತ್ತರದ ಗೋಡೆ ಇದ್ದರೂ ಅದರಿಂದ ಮೂರು ಮೀಟರ್ ಈಚೆ ಬಂದರೆ ಕಿರಣ ಗೋಡೆಯ ಮೇಲೆ ಹಾದುಹೋಗುತ್ತದೆ. ನಾನು ಇನ್ನೊಂದು ಮೀಟರ್ ಜಾಸ್ತಿ ಬಿಡುತ್ತೇನೆ.

ನಮ್ಮೂರಲ್ಲಿ ತೊಂದರೆ ಬರುವುದು ಪಕ್ಕದಿಂದಲ್ಲ, ಮೇಲಿನಿಂದ. ಜನ ನೆರಳಿರುವ ಜಾಗವನ್ನೇ ತೋರಿಸುತ್ತಾರೆ. ಮಳೆಮರದ ಕೆಳಗೆ, ಗುಲ್‌ಮೊಹರ್ ಕೆಳಗೆ, ಶಾಮಿಯಾನದ ಒಳಗೆ. ಒಂದು ಸಮಾವೇಶದಲ್ಲಿ ಬೆಳಗ್ಗೆ ಎಲ್ಲ ಸರಿಯಾಗಿ ಕೂರಿಸಿ ಪರೀಕ್ಷೆ ಮುಗಿಸಿದ್ದೆ. ಮಧ್ಯಾಹ್ನ ಬಿಸಿಲು ಅಂತ ಪೆಂಡಾಲ್‌ನವರು ಡಿಶ್ ಮೇಲೂ ಬಟ್ಟೆ ಎಳೆದರು. ಒಣ ಬಟ್ಟೆ ಇದ್ದಾಗ ಸಿಗ್ನಲ್ ಸ್ವಲ್ಪ ಇಳಿಯಿತು, ಅಷ್ಟೇ. ಸಂಜೆ ನಾಲ್ಕು ಹನಿ ಬಿದ್ದು ಬಟ್ಟೆ ನೆನೆದ ಕೂಡಲೇ ಲಿಂಕ್ ಹೋಯಿತು. ಅಂದಿನಿಂದ ಡಿಶ್ ಸುತ್ತ ಹಗ್ಗ ಕಟ್ಟುವಾಗ ಪೆಂಡಾಲ್ ಮೇಸ್ತ್ರಿಯನ್ನು ಕರೆದು, ಕೈ ಮೇಲೆತ್ತಿ ಆಕಾಶದ ಆ ತುಂಡನ್ನು ತೋರಿಸಿ, ಇಷ್ಟು ಜಾಗ ನನ್ನದು ಅಂತ ಹೇಳುತ್ತೇನೆ. ಮೇಸ್ತ್ರಿಗಳಿಗೆ ತಕ್ಷಣ ಅರ್ಥವಾಗುತ್ತದೆ.

ಟ್ರೈಪಾಡ್ ಕೂರಿಸುವುದು ನಿಧಾನದ ಕೆಲಸ. ಮೆದು ಮಣ್ಣಾದರೆ ಪ್ರತಿ ಕಾಲಿನ ಕೆಳಗೂ ಕಲ್ಲು ಚಪ್ಪಡಿ ಇಡುತ್ತೇನೆ. ಕಾಲುಗಳನ್ನು ಪೂರ್ತಿ ಅಗಲ ಮಾಡಿ, ನಡುವಿನ ಕೊಕ್ಕೆಗೆ ಮರಳಿನ ಚೀಲ ನೇತು ಹಾಕಿ, ಪ್ರತಿ ಕಾಲಿನ ಮೇಲೂ ಇನ್ನೊಂದು ಚೀಲ. ತಾರಸಿ ಮೇಲಾದರೆ ಕೊರೆಯುವುದೇ ಇಲ್ಲ. ಕೊರೆದ ತೂತಿನಿಂದ ಮಳೆಗಾಲದಲ್ಲಿ ನೀರು ಸೋರಿದರೆ ಮಾಲೀಕರು ಮುಂದಿನ ಸಲ ಮೆಟ್ಟಿಲು ಹತ್ತಲೂ ಬಿಡುವುದಿಲ್ಲ. ಕಬ್ಬಿಣದ ಚೌಕಟ್ಟಿನ ಮೇಲೆ ಸಿಮೆಂಟ್ ಬ್ಲಾಕ್ ಹೇರಿ ಕೂರಿಸುವ ಸ್ಟ್ಯಾಂಡ್ ಇದೆ, ಅದನ್ನೇ ಬಳಸುತ್ತೇನೆ. ಅಡಿಯಲ್ಲಿ ರಬ್ಬರ್ ಹಾಳೆ.

ಆಮೇಲೆ ಪೋಲ್ ನೆಟ್ಟಗೆ ನಿಂತಿದೆಯಾ ಅಂತ ನೋಡುವುದು. ಸ್ಪಿರಿಟ್ ಲೆವೆಲ್ ಅನ್ನು ಒಂದು ಕಡೆ ಹಿಡಿದು ನೋಡಿ, ಕಾಲು ಸುತ್ತು ತಿರುಗಿಸಿ ಇನ್ನೊಂದು ಕಡೆ. ಎರಡೂ ಕಡೆ ಗುಳ್ಳೆ ನಡುವೆ ನಿಲ್ಲಬೇಕು. ಪೋಲ್ ವಾಲಿದ್ದರೆ ಡಿಶ್ ಮೇಲೆ ಕೆತ್ತಿರುವ ಎಲಿವೇಶನ್, ಅಂದರೆ ನೆಲದಿಂದ ಎಷ್ಟು ಮೇಲಕ್ಕೆ ನೋಡುತ್ತಿದೆ ಅನ್ನುವ, ಅಂಕಿಗೆ ಅರ್ಥವೇ ಇರುವುದಿಲ್ಲ, ಪಕ್ಕಕ್ಕೆ ತಿರುಗಿಸಿದಾಗ ಕಿರಣ ಮೇಲೆ ಕೆಳಗೆ ಹೋಗುತ್ತಲೇ ಇರುತ್ತದೆ. ಹೊಸ ಹುಡುಗರಿಗೆ ಕೆಲಸ ಕಲಿಸುವಾಗ ಡಿಶ್ ಮುಟ್ಟಲು ಬಿಡದೆ ಬರೀ ಇದನ್ನೇ ಮತ್ತೆ ಮತ್ತೆ ಮಾಡಿಸುತ್ತೇನೆ.

ದಿಕ್ಸೂಚಿ ನೋಡುವಾಗ ಕಬ್ಬಿಣದಿಂದ ದೂರ ನಿಲ್ಲಬೇಕು. ತಾರಸಿಯ ಕಂಬಿ, ವಾಟರ್ ಟ್ಯಾಂಕ್ ಸ್ಟ್ಯಾಂಡ್, ಟ್ರೈಪಾಡ್ ಕೂಡ ಮುಳ್ಳನ್ನು ಎಳೆಯುತ್ತವೆ. ನಾನು ನಾಲ್ಕು ಹೆಜ್ಜೆ ಹಿಂದೆ ನಿಂತು, ದೂರದ ಒಂದು ಗುರುತು ಹಿಡಿದುಕೊಂಡು, ಅದರ ಕಡೆಗೆ ಡಿಶ್ ತಿರುಗಿಸುತ್ತೇನೆ. ಇಲ್ಲಿ ಬೆಂಗಳೂರಿನವರಿಗೆ ಒಂದು ಅನುಕೂಲ ಇದೆ. ಕಿರಣ ನೆತ್ತಿಗೆ ಹತ್ತಿರ ಇರುವುದರಿಂದ ಪಕ್ಕಕ್ಕೆ ನಾಲ್ಕು ಡಿಗ್ರಿ ತಪ್ಪಿದರೂ ಆಕಾಶದಲ್ಲಿ ತಪ್ಪುವುದು ಒಂದೇ ಡಿಗ್ರಿ. ಎಲಿವೇಶನ್‌ನಲ್ಲಿ ಆ ರಿಯಾಯಿತಿ ಇಲ್ಲ. ಅಲ್ಲಿ ಒಂದು ಡಿಗ್ರಿ ತಪ್ಪಿದರೆ ಒಂದು ಡಿಗ್ರಿಯೇ. ಹಾಗಾಗಿ ಎಲಿವೇಶನ್ ಬೋಲ್ಟ್ ಅನ್ನು ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲ ತಿರುಗಿಸುವುದಿಲ್ಲ.

ಇನ್ನೊಂದು ಮಾತು. ನಮ್ಮ ಡಿಶ್‌ಗಳು ಆಫ್‌ಸೆಟ್ ಜಾತಿಯವು, ಅಂದರೆ ಕಿರಣ ತಟ್ಟೆಯ ಮುಖಕ್ಕೆ ನೇರವಾಗಿ ಅಲ್ಲ, ಅದಕ್ಕಿಂತ ಮೇಲಕ್ಕೆ ಹೊರಡುತ್ತದೆ. 74 ಡಿಗ್ರಿ ಮೇಲಕ್ಕೆ ನೋಡುವ ಡಿಶ್‌ನ ಮುಖ ಕಣ್ಣಿಗೆ 50 ಡಿಗ್ರಿ ಆಸುಪಾಸಿನಲ್ಲಿರುವ ಹಾಗೆ ಕಾಣುತ್ತದೆ. ಆಫ್‌ಸೆಟ್ ಎಷ್ಟು ಅನ್ನುವುದು ಡಿಶ್ ಹಿಂದಿನ ಸ್ಟಿಕ್ಕರ್ ಮೇಲೆ ಇರುತ್ತದೆ. ಫೋನ್‌ನ ಆ್ಯಪ್ ಅನ್ನು ಡಿಶ್ ಮುಖಕ್ಕೆ ಒತ್ತಿಟ್ಟು 74 ಬರುವ ತನಕ ಎತ್ತುವವರು ಉಪಗ್ರಹವನ್ನು ಎಂದೂ ಹಿಡಿಯುವುದಿಲ್ಲ.

ಸಿಗ್ನಲ್ ಸಿಕ್ಕ ಮೇಲೆ ಪೀಕ್ ಮಾಡಬೇಕು. ಎಡಕ್ಕೆ ತಿರುಗಿಸಿ ಸಿಗ್ನಲ್ ಇಳಿಯುವ ಜಾಗ ಗುರುತು ಮಾಡಿಕೊಳ್ಳುವುದು, ಬಲಕ್ಕೆ ತಿರುಗಿಸಿ ಅಷ್ಟೇ ಇಳಿಯುವ ಜಾಗ ಗುರುತು ಮಾಡುವುದು, ಎರಡರ ಸರಿ ಮಧ್ಯೆ ತಂದು ನಿಲ್ಲಿಸುವುದು. ಮೇಲೆ ಕೆಳಗೂ ಹಾಗೆಯೇ. ಬೋಲ್ಟ್ ಬಿಗಿಯುವಾಗಲೂ ಕಣ್ಣು ರೀಡಿಂಗ್ ಮೇಲೇ ಇರಬೇಕು. ಒಂದೇ ಬೋಲ್ಟ್ ಪೂರ್ತಿ ಬಿಗಿದರೆ ಡಿಶ್ ಓರೆಯಾಗುತ್ತದೆ. ಎದುರುಬದುರು ಸ್ವಲ್ಪ ಸ್ವಲ್ಪ ಬಿಗಿಯಬೇಕು.

ಇಲ್ಲಿಯವರೆಗೆ ಟ್ರಾನ್ಸ್‌ಮಿಟ್ ಆಫ್. ಆನ್ ಮಾಡಲು ಹಬ್‌ಗೆ ಫೋನ್ ಮಾಡಬೇಕು. ಇದು ನಮ್ಮ ಕೆಲಸದ ನಿಜವಾದ ಪರೀಕ್ಷೆ. ಹಬ್‌ನ ಎಂಜಿನಿಯರ್ ಒಂದು ಖಾಲಿ ಫ್ರೀಕ್ವೆನ್ಸಿ ಕೊಟ್ಟು, ಸಾದಾ ಕ್ಯಾರಿಯರ್ (ಮಾಹಿತಿ ಇಲ್ಲದ ಖಾಲಿ ಸಿಗ್ನಲ್) ಬಿಡಿ ಅನ್ನುತ್ತಾರೆ. ಉಪಗ್ರಹ ಒಂದೇ ಫ್ರೀಕ್ವೆನ್ಸಿಯನ್ನು ಎರಡು ಸಲ ಬಳಸುತ್ತದೆ, ಒಂದು ಅಡ್ಡ ಪೋಲರೈಸೇಶನ್ (ಅಲೆ ಅಲ್ಲಾಡುವ ದಿಕ್ಕು), ಒಂದು ಉದ್ದ. ನಮ್ಮ ಫೀಡ್, ಅಂದರೆ ತಟ್ಟೆಯ ಎದುರು ನಿಂತು ಸಿಗ್ನಲ್ ಬಿಡುವ ಕೊಳವೆ, ಸ್ವಲ್ಪ ಓರೆಯಾಗಿದ್ದರೂ ನಮ್ಮ ಸಿಗ್ನಲ್ ಇನ್ನೊಂದಕ್ಕೆ ಸೋರುತ್ತದೆ. ಹಬ್‌ನವರು ಎರಡನ್ನೂ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ನೋಡುತ್ತಿರುತ್ತಾರೆ. ಬೆಂಗಳೂರಿನಿಂದ 74 ಡಿಗ್ರಿಯ ಉಪಗ್ರಹಕ್ಕೆ ಫೀಡ್ ಸುಮಾರು 15 ಡಿಗ್ರಿ ತಿರುಗಿರಬೇಕು. ದೆಹಲಿಯಲ್ಲಿ ಇದು ಆರೇ ಡಿಗ್ರಿ. ಅಲ್ಲಿಂದ ಬಂದ ಡಿಶ್ ಅನ್ನು ಹಾಗೇ ಕೂರಿಸಿದರೆ ಕ್ರಾಸ್‌ಪೋಲ್ ಅನ್ನುವ ಈ ಸೋರಿಕೆ ಪರೀಕ್ಷೆ ಪಾಸ್ ಆಗುವುದೇ ಇಲ್ಲ.

ಫೋನ್ ಸ್ಪೀಕರ್‌ನಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಂಡು, ಡಿಶ್‌ನ ಹಿಂದೆ ನಿಂತು, ಫೀಡ್‌ನ ಕ್ಲಾಂಪ್ ಸಡಿಲ ಮಾಡಿ ಕೂದಲೆಳೆಯಷ್ಟು ತಿರುಗಿಸುತ್ತೇನೆ. "ಇಪ್ಪತ್ನಾಲ್ಕು... ಇಪ್ಪತ್ತೇಳು... ನಿಲ್ಸಿ, ಸ್ವಲ್ಪ ವಾಪಸ್... ಮೂವತ್ತು." 30 ಡಿಬಿ ಅಂದರೆ ಸೋರುತ್ತಿರುವುದು ಸಾವಿರದಲ್ಲಿ ಒಂದು ಪಾಲು. ಆ ಅಂಕಿ ಕೇಳಿದ ಮೇಲೆ ಕ್ಲಾಂಪ್ ಬಿಗಿದು, ಬಿಗಿದ ಮೇಲೂ ಅಷ್ಟೇ ಇದೆಯಾ ಅಂತ ಇನ್ನೊಮ್ಮೆ ಕೇಳುತ್ತೇನೆ. ಹಬ್‌ನವರು ಸಾಕು ಅಂದರೂ ಕೇಳುತ್ತೇನೆ. ಬಿಗಿಯುವಾಗ ಕೈ ತಿರುಗುವುದು ಸಹಜ. ಆಮೇಲೆ ಪವರ್ ಎಷ್ಟರ ತನಕ ಏರಿಸಬಹುದು ಅಂತ ಅವರು ಮಿತಿ ಹಾಕುತ್ತಾರೆ. ಅದು ಮುಗಿದ ಮೇಲೆಯೇ ಇಂಟರ್ನೆಟ್.

ಸುರಕ್ಷತೆಯ ಬಗ್ಗೆ ಮೂರು ಮಾತು ಬಿಡಿಸಿ ಹೇಳಬೇಕು, ಯಾಕಂದರೆ ಪೋರ್ಟಬಲ್ ಡಿಶ್ ನೆಲದ ಮೇಲೆ ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿರುತ್ತದೆ. ಫೀಡ್‌ಗೂ ತಟ್ಟೆಗೂ ನಡುವೆ ಯಾರೂ ತಲೆ ಹಾಕಬಾರದು. ಹತ್ತಿರದಿಂದ ಮೈಕ್ರೋವೇವ್ ಕಣ್ಣಿಗೆ ಒಳ್ಳೆಯದಲ್ಲ. ಸುತ್ತ ಹಗ್ಗ, ಒಂದು ಬೋರ್ಡ್, ಕನ್ನಡದಲ್ಲೇ ಬರೆದದ್ದು. ಕಾರ್ಯಕ್ರಮಗಳಲ್ಲಿ ಡಿಶ್ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ ಜನರಿಗೆ ಬಹಳ. ಹಗ್ಗ ಇಲ್ಲದಿದ್ದರೆ ತಡೆಯಲು ಆಗುವುದಿಲ್ಲ. ಎರಡನೆಯದು, ಮೋಡೆಮ್‌ನಿಂದ ಬಕ್‌ಗೆ ಹೋಗುವ ಕೇಬಲ್‌ನಲ್ಲಿ ಡಿಸಿ ಕರೆಂಟ್ ಇರುತ್ತದೆ. ಮೋಡೆಮ್ ಆಫ್ ಮಾಡದೆ ಕನೆಕ್ಟರ್ ಬಿಚ್ಚಿದರೆ ಕಿಡಿ ಹಾರಿ ಬಕ್ ಸುಟ್ಟುಹೋಗಬಹುದು.

ಮೂರನೆಯದು ಅರ್ಥಿಂಗ್. ಏಪ್ರಿಲ್ ಮೇ ತಿಂಗಳ ಸಂಜೆ ಬೆಂಗಳೂರಿನ ಗುಡುಗು ಮಳೆ ಗೊತ್ತಲ್ಲ. ಬಯಲಿನಲ್ಲಿ ನಿಂತ ಲೋಹದ ಡಿಶ್ ಅದು. ಜನರೇಟರ್ ಮೇಲೆ ಓಡುವ ಸೈಟ್‌ಗಳಲ್ಲಿ ಅರ್ಥ್ ಅನ್ನುವುದು ಎಷ್ಟೋ ಸಲ ಹೆಸರಿಗೆ ಮಾತ್ರ. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮೀಟರ್ ಇಟ್ಟು ನೋಡುತ್ತೇನೆ. ಎರಡು ಮೂರು ವೋಲ್ಟ್ ದಾಟಿದರೆ ಮೋಡೆಮ್ ಸಿಕ್ಕಿಸುವುದಿಲ್ಲ. ತಾಮ್ರದ ರಾಡ್ ಹೊಡೆಸಿ, ನೀರು ಹಾಕಿಸಿ, ಮತ್ತೆ ಅಳೆದು ನೋಡಿದ ಮೇಲೆಯೇ ಮುಂದಿನ ಮಾತು. ಗುಡುಗು ಶುರುವಾದರೆ ಆಫ್ ಮಾಡಿ ಅಂತಲೂ ಹೇಳಿ ಬರುತ್ತೇನೆ. ಆ ಹೊತ್ತಿಗೆ ಕೆಯು ಬ್ಯಾಂಡ್ ಹೇಗೂ ಮಳೆಗೆ ಸೊರಗಿರುತ್ತದೆ.

ಗ್ರಾಹಕರು ಅಂತರ್ಜಾಲದಲ್ಲಿ ಓದಿಕೊಂಡು ಬಂದು ಅಮೆರಿಕದ ಉದಾಹರಣೆ ಕೊಡುತ್ತಾರೆ. ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 1996ರಲ್ಲಿ ಮಾಡಿದ ನಿಯಮದಂತೆ ಒಂದು ಮೀಟರ್‌ವರೆಗಿನ ಡಿಶ್ ಅನ್ನು ನಿಮ್ಮ ಸ್ವಂತ ಬಳಕೆಯ ಜಾಗದಲ್ಲಿ ಹಾಕಿಕೊಳ್ಳುವುದಕ್ಕೆ ಮನೆ ಮಾಲೀಕರಾಗಲಿ ಸಂಘವಾಗಲಿ ಸುಮ್ಮನೆ ಅಡ್ಡ ಬರುವಂತಿಲ್ಲ. ಕಂಪನಿ ಒಂದೇ ಲೈಸೆನ್ಸ್‌ನಲ್ಲಿ ಒಂದೇ ಮಾದರಿಯ ಸಾವಿರಾರು ಡಿಶ್ ಇಡಬಹುದು. ಆ ನಿಯಮಗಳು ಅಲ್ಲಿಗೆ. ಇಲ್ಲಿ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರಿಗೆ ಅದನ್ನು ತೋರಿಸಿ ಪ್ರಯೋಜನವಿಲ್ಲ. ಪತ್ರ ಬರೆದು, ಎಷ್ಟು ದಿನ, ಎಷ್ಟು ತೂಕ, ತಾರಸಿ ಕೊರೆಯುವುದಿಲ್ಲ ಅಂತ ತಿಳಿಸಿದರೆ ಬಹಳಷ್ಟು ಸಂಘಗಳು ಒಪ್ಪುತ್ತವೆ.

ಈಚೆಗೆ ಎಲ್ಲರೂ ಕೇಳುವುದು ಸ್ಟಾರ್‌ಲಿಂಕ್ ಬಗ್ಗೆ. ಅದರ ಉಪಗ್ರಹಗಳು 550 ಕಿಲೋಮೀಟರ್ ಆಸುಪಾಸಿನಲ್ಲೇ ಓಡಾಡುತ್ತವೆ. ಹಾಗಾಗಿ ನಮ್ಮ ಡಿಶ್‌ನಲ್ಲಿ ಅರ್ಧ ಸೆಕೆಂಡ್ ಮೀರುವ ಪಿಂಗ್ (ಸಿಗ್ನಲ್ ಹೋಗಿ ಬರುವ ಸಮಯ) ಅಲ್ಲಿ ಬಹಳ ಕಡಿಮೆ. ಚಪ್ಪಟೆ ಆಂಟೆನಾ ತಾನೇ ಉಪಗ್ರಹ ಹುಡುಕಿಕೊಳ್ಳುತ್ತದೆ, ಪೀಕ್ ಮಾಡುವ ಕೆಲಸ ಇಲ್ಲ. ಆದರೆ ಅದೂ ಕಳಿಸುವ ಯಂತ್ರವೇ. 2021ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ, ಈ ಕಂಪನಿಗೆ ಲೈಸೆನ್ಸ್ ಇಲ್ಲ, ದುಡ್ಡು ಕಟ್ಟಬೇಡಿ ಅಂತ ಜನರಿಗೆ ಹೇಳಿತ್ತು. ಮುಂಗಡ ಕಟ್ಟಿದವರಿಗೆ ಕಂಪನಿ ವಾಪಸ್ ಕೊಡಬೇಕಾಯಿತು. ಲೈಸೆನ್ಸ್ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಬಂದ ಭದ್ರತಾ ಸೂಚನೆಗಳಲ್ಲಿ, ಪ್ರತಿ ಟರ್ಮಿನಲ್ ಎಲ್ಲಿದೆ ಅನ್ನುವುದು ಸರ್ಕಾರಕ್ಕೆ ಗೊತ್ತಾಗಬೇಕು, ಗಡಿಯಿಂದ 50 ಕಿಲೋಮೀಟರ್ ಒಳಗಿನ ಪ್ರದೇಶದ ಮೇಲೆ ವಿಶೇಷ ನಿಗಾ ಇರಬೇಕು ಅಂತ ಇದೆ. ಕಂಪನಿಗೆ ಲೈಸೆನ್ಸ್ ಬಂದ ಮಾತ್ರಕ್ಕೆ ದುಬೈನಿಂದ ಸೂಟ್‌ಕೇಸ್‌ನಲ್ಲಿ ತಂದ ಕಿಟ್ ಕಾನೂನುಬದ್ಧ ಆಗುವುದಿಲ್ಲ. ಸ್ಯಾಟಲೈಟ್ ಫೋನ್, ಚಾರಣಿಗರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸ್ಯಾಟಲೈಟ್ ಮೆಸೇಜ್ ಡಬ್ಬ ಇವನ್ನು ಅನುಮತಿ ಇಲ್ಲದೆ ತಂದು ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದ ವಿದೇಶಿಯರ ಸುದ್ದಿ ಮತ್ತೆ ಮತ್ತೆ ಬಂದಿದೆ. ಅಂಥ ಕಿಟ್ ಯಾರಾದರೂ ತಂದು ಕೂರಿಸಿಕೊಡಿ ಅಂದರೆ ನಾನು ಕೈ ಹಾಕುವುದಿಲ್ಲ.

ಕೊನೆಗೆ ಬಿಚ್ಚುವ ಕೆಲಸ. ಕೂರಿಸುವುದಕ್ಕೆ ತೋರಿಸುವ ಶ್ರದ್ಧೆಯನ್ನು ಬಿಚ್ಚುವಾಗ ಯಾರೂ ತೋರಿಸುವುದಿಲ್ಲ. ಮೊದಲು ಹಬ್‌ಗೆ ಫೋನ್ ಮಾಡಿ ಈ ಜಾಗದ ಟರ್ಮಿನಲ್ ನಿಲ್ಲಿಸಿ ಅಂತ ಹೇಳಬೇಕು, ಅವರು ನಿಲ್ಲಿಸಿದ ಸಮಯ ಬರೆದುಕೊಳ್ಳಬೇಕು. ಆಮೇಲೆ ಮೋಡೆಮ್ ಆಫ್, ಆಮೇಲೆ ಕೇಬಲ್. ಕನೆಕ್ಟರ್‌ಗಳ ಬಾಯಿಗೆ ಕ್ಯಾಪ್ ಹಾಕಿ ಟೇಪ್ ಸುತ್ತುತ್ತೇನೆ, ಒಳಗೆ ಒಂದು ಹನಿ ನೀರು ಹೋದರೂ ಮುಂದಿನ ಸೈಟ್‌ನಲ್ಲಿ ಅರ್ಧ ದಿನ ಅದನ್ನೇ ಹುಡುಕಬೇಕಾಗುತ್ತದೆ. ಫೀಡ್‌ನ ಕೋನವನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ ಫೋಟೋ ತೆಗೆಯುತ್ತೇನೆ. ಮೋಡೆಮ್ ಡಬ್ಬದ ಮೇಲೆ ಒಂದು ಚೀಟಿ ಅಂಟಿಸುತ್ತೇನೆ: ಹಿಂದಿನ ಜಾಗ, ಅಲ್ಲಿನ ಅನುಮತಿ ಮುಗಿಯುವ ತಾರೀಕು, ಮುಂದಿನ ಜಾಗದ ಅನುಮತಿ ಬಂದಿದೆಯೋ ಇಲ್ಲವೋ. ಬಂದಿಲ್ಲ ಅಂತಿದ್ದರೆ ಮೋಡೆಮ್ ಗ್ರಾಹಕರ ಟೆಂಪೋಗೆ ಹೋಗುವುದಿಲ್ಲ, ನನ್ನ ಜೊತೆ ವಾಪಸ್ ಬರುತ್ತದೆ.